ನೂರೆಂಟನೆಯ ಡಾಲರ್

ಸಿಂಗಾಪುರದ ಪುಂಗೋಲ್‌ನ ನಮ್ಮ ಫ್ಲ್ಯಾಟಿನಲ್ಲಿ ಮೂಲೆ ಮೂಲೆ ಹುಡುಕಿದರೂ ಒಂದು ನಾಣ್ಯ ಸಿಗದಂತಾಗಿ ಕೆಲವು ವರ್ಷಗಳೇ ಆಗಿದ್ದವು. ತರಕಾರಿಗೆ ಫೋನು, ಬಸ್ಸಿಗೆ ಫೋನು, ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಸಾಲಿನ ಕಾಫಿಗೂ ಫೋನು. ಹೀಗಿರುವಾಗ ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ನೂರೆಂಟು ನಾಣ್ಯಗಳ ಪೂಜೆ ಮಾಡುತ್ತೇನೆ, ಎಲ್ಲರೂ ಅರಿಶಿನ ಕುಂಕುಮಕ್ಕೆ ಬನ್ನಿ ಎಂದು ನಾನು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಜಂಬದಿಂದ ಸಾರಿಬಿಟ್ಟೆ. ಲಕ್ಷ್ಮಿಯ ಒಂದೊಂದು ಹೆಸರಿಗೂ ಒಂದೊಂದು ನಾಣ್ಯವನ್ನು ಕಳಶದ ಮುಂದೆ ಹಾಕುತ್ತಾ ಹೋಗುವ ಪೂಜೆ ಅದು. ಅದನ್ನು ಫೋನಿನಲ್ಲಿ ಮಾಡುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ.

ನಾಣ್ಯ ಬೇಕು ಎಂದ ಮೇಲೆ ಎಂಥ ನಾಣ್ಯವಾದರೂ ಆದೀತು ಎನ್ನುವವಳು ನಾನಲ್ಲ. ಇಲ್ಲಿಯ ಈಗಿನ ಡಾಲರ್ ನಾಣ್ಯದ ಅಂಚು ಮಾತ್ರ ಹಳದಿ, ನಡುವೆ ಬೆಳ್ಳಗೆ. ಹಳೆಯದು ಪೂರ್ತಿ ಹೊಂಬಣ್ಣದ್ದು, ತೊಳೆದಿಟ್ಟರೆ ದೀಪದ ಬೆಳಕಿಗೆ ಚಿನ್ನದ ಹಾಗೇ ಕಾಣುತ್ತದೆ. ಅಂಥ ನೂರೆಂಟು ಹಳೆಯ ಡಾಲರ್ ಒಟ್ಟಿಗೆ ಇದ್ದದ್ದು ನನಗೆ ಗೊತ್ತಿದ್ದ ಒಂದೇ ಒಂದು ಮನೆಯಲ್ಲಿ. ನಮ್ಮ ಬ್ಲಾಕಿನಿಂದ ಎರಡು ಬ್ಲಾಕ್ ಆಚೆಗಿನ ಆಂಟಿಯ ಮನೆಯಲ್ಲಿ.

ಆಂಟಿ ಎಂದರೆ ರಕ್ತಸಂಬಂಧವೇನಲ್ಲ. ಮೈಸೂರಿನ ಕಡೆಯವರು, ನಮ್ಮಂಥವರು ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಬಂದವರು. ಅವರ ಯಜಮಾನರು ಕಾಕಿ ಬುಕಿತ್‌ನಲ್ಲಿದ್ದ ಅಮೆರಿಕದ ಕಂಪನಿಯೊಂದರ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅವರು ತೀರಿಹೋಗಿ ಆಗ ಒಂಬತ್ತು ವರ್ಷ. ಆಂಟಿ ತಮ್ಮ ಮಗಳು-ಅಳಿಯನ ಜೊತೆ ಇದ್ದರು, ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಯಜಮಾನರು ಇದ್ದಷ್ಟು ದಿನ ನೂರೆಂಟು ನಾಣ್ಯದ ಪೂಜೆ ಪ್ರತಿ ವರ್ಷ ಆಗುತ್ತಿದ್ದದ್ದು ಅವರ ಮನೆಯಲ್ಲೇ. ನಾನು ಈ ಊರಿಗೆ ಹೊಸದಾಗಿ ಬಂದಾಗ, ಯಾರ ಮುಖವೂ ಪರಿಚಯವಿಲ್ಲದ ಆ ಮೊದಲ ಶ್ರಾವಣದಲ್ಲಿ, ನನ್ನನ್ನು ಕರೆದು ಮಡಿಲು ತುಂಬಿ ಕಳಿಸಿದ್ದು ಅವರೇ. ನಾನು ಮಾಡಹೊರಟ ಪೂಜೆಯನ್ನು ಕಲಿತದ್ದು ಅವರನ್ನು ನೋಡಿ.

ಹಬ್ಬದ ಹಿಂದಿನ ದಿನ ಆಫೀಸಿನಿಂದ ಬೇಗ ಹೊರಟು ನೇರವಾಗಿ ಅವರ ಮನೆಗೆ ಹೋದೆ. ಕೇಳುವುದೇ ತಡ, ಆಂಟಿ ಒಳಗೆ ಹೋಗಿ ಒಂದು ಗಾಜಿನ ಭರಣಿ ತಂದರು.

"ಎಲ್ಲಾ ಹುಣಸೆಹಣ್ಣು ಹಾಕಿ ತೊಳೆದಿಟ್ಟಿದ್ದೀನಿ ಕಣೇ. ಎಣಿಸೋದು ಬೇಡ, ಸರಿಯಾಗಿ ನೂರೆಂಟಿದೆ," ಎಂದರು. ಆಮೇಲೆ, "ಎಷ್ಟು ಜನ ಬರ್ತಿದ್ದಾರೆ?" ಎಂದು ಕೇಳಿದರು.

"ಇಪ್ಪತ್ತೆರಡು ಜನ ಆಂಟಿ. ಎಲ್ಲಾ ಕನ್ಫರ್ಮ್ ಮಾಡಿದ್ದಾರೆ."

"ಚೆನ್ನಾಗಾಗ್ಲಿ."

ಆ ಮಾತಿನ ನಂತರ ಒಂದು ಸಣ್ಣ ತೆರಪು ಇತ್ತು. ನೀವೂ ಬನ್ನಿ ಆಂಟಿ ಎಂಬ ಮಾತು ಆ ತೆರಪಿಗೆ ಸರಿಯಾಗಿ ಹೊಂದುತ್ತಿತ್ತು. ಬಾಯಿಗೂ ಬಂದಿತ್ತು. ನಾನು ಭರಣಿಯನ್ನು ಬ್ಯಾಗಿಗೆ ಇಳಿಸಿ, ಟ್ಯಾಕ್ಸಿ ಕಾಯುತ್ತಿದೆ ಎಂದು ಸುಳ್ಳು ಹೇಳಿ ಲಿಫ್ಟಿನ ಕಡೆ ನಡೆದೆ. ಎರಡು ಬ್ಲಾಕ್ ದೂರಕ್ಕೆ ಯಾರಾದರೂ ಟ್ಯಾಕ್ಸಿ ಹಿಡಿಯುತ್ತಾರೆಯೇ?

ಗಂಡ ಸತ್ತವರನ್ನು ಅರಿಶಿನ ಕುಂಕುಮಕ್ಕೆ ಕರೆಯಬಾರದು ಎಂಬುದನ್ನು ನಾನು ನಂಬುತ್ತೇನೆಯೇ ಎಂದರೆ, ಇಲ್ಲ. ಚಾಂಗಿ ಬಿಸಿನೆಸ್ ಪಾರ್ಕಿನ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಇಂಥ ಆಚಾರಗಳನ್ನು ನಾನು ಬೈದಷ್ಟು ಬೇರೆ ಯಾರೂ ಬೈದಿರಲಾರರು. ಆದರೆ ಊಟದ ಮೇಜು ಬೇರೆ, ಇಪ್ಪತ್ತೆರಡು ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದು ಕೂರುವ ನನ್ನ ಮನೆಯ ಹಾಲ್ ಬೇರೆ. ಅವರಲ್ಲಿ ಯಾರಾದರೂ ಏನಾದರೂ ಅಂದುಕೊಂಡರೆ? ಯಾರಾದರೂ ಮುಖ ಸಿಂಡರಿಸಿದರೆ, ಅದನ್ನು ಆಂಟಿ ನೋಡಿಬಿಟ್ಟರೆ? ಅವರಿಗೇ ಬೇಜಾರಾಗುತ್ತದೆ, ಕರೆಯದಿರುವುದೇ ಅವರಿಗೆ ಒಳ್ಳೆಯದು ಎಂದು ಲಿಫ್ಟು ಕೆಳಗಿಳಿಯುವಷ್ಟರಲ್ಲಿ ನನಗೆ ನಾನೇ ಒಪ್ಪಿಸಿಕೊಂಡೆ. ಈ ವಿಷಯದಲ್ಲಿ ನಾನು ಬಹಳ ಚುರುಕು.

ಪೂಜೆ ಚೆನ್ನಾಗಿಯೇ ಆಯಿತು. ಶುಕ್ರವಾರ ಬೆಳಿಗ್ಗೆ ನಾನು, ಗಂಡ, ಹನ್ನೆರಡು ವರ್ಷದ ಮಗಳು ಕೂತು ಹೆಸರು ಹೇಳಿ ನಾಣ್ಯ ಹಾಕಿದೆವು. ಹಳದಿ ನಾಣ್ಯಗಳು ಕಳಶದ ಮುಂದೆ ಗುಡ್ಡೆಯಾಗಿ, ಮೇಲೆ ಕುಂಕುಮ, ಅಕ್ಷತೆ, ಆರ್ಕಿಡ್ ಹೂವು. ಮಗಳು ಹತ್ತಾರು ಫೋಟೋ ತೆಗೆದಳು. ಗುಂಪಿಗೆ ಹಾಕಿದ ಕೂಡಲೇ ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬಿದ್ದವು.

ತಪ್ಪು ಮಾಡಿದ್ದು ಮಧ್ಯಾಹ್ನ. ಸಂಜೆ ಬರುವವರಿಗೆ ತಾಂಬೂಲದ ಚೀಲ ಸಿದ್ಧಪಡಿಸುತ್ತಿದ್ದೆ. ವೀಳ್ಯದೆಲೆ, ಅಡಿಕೆ, ಬಳೆ, ಬ್ಲೌಸ್ ಪೀಸು, ಎಲೆಯ ಮೇಲೆ ದಕ್ಷಿಣೆಗೆ ಒಂದೊಂದು ಡಾಲರ್. ಅದಕ್ಕೆಂದು ಗಂಡ ಕಷ್ಟಪಟ್ಟು ಎಲ್ಲಿಂದಲೋ ಇಪ್ಪತ್ತೆರಡು ನಾಣ್ಯ ಬದಲಾಯಿಸಿಕೊಂಡು ತಂದಿದ್ದರು. ಎಲ್ಲವೂ ಹೊಸವು, ನಡುವೆ ಬೆಳ್ಳಗಿನವು. ಪಾರದರ್ಶಕ ಚೀಲದೊಳಗೆ, ಹಸಿರು ಎಲೆಯ ಮೇಲೆ ಅವು ಪೇಲವವಾಗಿ ಕಂಡವು. ಪೂಜೆಯಾದ ಹಳದಿ ನಾಣ್ಯಗಳನ್ನೇ ಹಾಕಿ, ಆಂಟಿಯ ಭರಣಿಗೆ ಈ ಹೊಸವನ್ನು ಸೇರಿಸಿದರೆ ಆಯಿತಲ್ಲ ಎನ್ನಿಸಿತು. ನನ್ನ ಉದ್ಯೋಗವೇ ಬ್ಯಾಂಕಿನ ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಯ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವ ಸಾಫ್ಟ್‌ವೇರ್ ಬರೆಯುವುದು. ಇಪ್ಪತ್ತೆರಡು ಹೋಗುತ್ತದೆ, ಇಪ್ಪತ್ತೆರಡು ಬರುತ್ತದೆ.

"ಆಂಟಿದು ಎಕ್ಸ್‌ಚೇಂಜ್ ಮಾಡ್ತಿದ್ದೀಯಾ ಅಮ್ಮಾ? ಕೇಳ್ಬೇಕಲ್ವಾ?" ಎಂದಳು ಮಗಳು.

"ಡಾಲರ್‌ಗೆ ಡಾಲರ್ ಕೊಡ್ತೀನಲ್ಲ, ಕೇಳೋದೇನಿದೆ."

"ಓಕೆ ಲಾ," ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿ ಅವಳೂ ಕೂತು ಒಂದೊಂದು ಎಲೆಯ ಮೇಲೆ ಒಂದೊಂದು ನಾಣ್ಯ ಇಟ್ಟಳು. ಎಲ್ಲದಕ್ಕೂ ಕುಂಕುಮ ಮೆತ್ತಿತ್ತು. ಒಂದು ನಾಣ್ಯ ಮಿಕ್ಕವುಗಳಿಗಿಂತ ತುಸು ದೊಡ್ಡದಿದ್ದದ್ದು ಅವಳ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಸಂಜೆ ಬಂದವರೆಲ್ಲ ಚೀಲ ಎತ್ತಿ ನೋಡಿ, ಎಷ್ಟು ಮುದ್ದಾಗಿ ಮಾಡಿದ್ದೀರಾ ಎಂದು ಹೊಗಳಿ ಹೋದರು.

ಭಾನುವಾರ ಬೆಳಿಗ್ಗೆ ಭರಣಿಯನ್ನು ಹಿಂದಿರುಗಿಸಲು ಹೋದೆ. ಜೊತೆಗೆ ಒಂದು ಡಬ್ಬಿ ಹೋಳಿಗೆ. ಕರೆಯದೆ ಉಳಿದವರಿಗೆ ಹೋಳಿಗೆ ಕಳಿಸುವುದು ನಮ್ಮಲ್ಲಿ ಬಹಳ ಹಳೆಯ ಪರಿಹಾರ. ಆಂಟಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ಭರಣಿಯನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ, ಬೆರಳಲ್ಲಿ ನಾಣ್ಯ ಸರಿಸುತ್ತಾ ಹೋದರು. ಬೆಳ್ಳಗಿನವು ಕಂಡವು. ಅವನ್ನು ಒಂದು ಪಕ್ಕಕ್ಕೆ ತಳ್ಳಿದರು. ಮತ್ತೊಮ್ಮೆ ಮೊದಲಿನಿಂದ ಸರಿಸಿದರು.

"ಚಿನ್ನದ್ದೆಲ್ಲಿ?" ಎಂದರು.

"ಯಾವ ಚಿನ್ನದ್ದು ಆಂಟಿ?"

"ನಮ್ಮನೆಯವರದು. ನೂರೆಂಟನೇದು."

ಆಂಟಿ ನಿಧಾನವಾಗಿ ಹೇಳಿದರು. ಯಜಮಾನರಿಗೆ ಇಪ್ಪತ್ತೈದು ವರ್ಷ ಸರ್ವಿಸ್ ಆದಾಗ ಅಮೆರಿಕದಿಂದ ಬಂದಿದ್ದ ಸಾಹೇಬರು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಕೈಯಾರೆ ಕೊಟ್ಟ ಡಾಲರ್ ನಾಣ್ಯ ಅದು. ಒಂದು ಕಡೆ ಆ ದೇಶದ ಯಾರೋ ಅಧ್ಯಕ್ಷರ ಮುಖ, ಇನ್ನೊಂದು ಕಡೆ ಕೈಯಲ್ಲಿ ದೀಪ ಎತ್ತಿ ಹಿಡಿದ ಹೆಂಗಸು. ಚಿನ್ನದ್ದು. ನೂರೇಳು ಹೆಸರಿಗೆ ಇಲ್ಲಿಯ ಡಾಲರ್ ಹಾಕಿ, ಕೊನೆಯ ಹೆಸರಿಗೆ ಅದನ್ನು ಹಾಕುವುದು ಅವರ ಮನೆಯ ಪದ್ಧತಿ; ಅಲ್ಲೇ ಪೂಜೆ ಕಲಿತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಈ ಫ್ಲ್ಯಾಟಿಗೆ ಬರುವಾಗ ಆಂಟಿಯ ಮಗಳು ಅಪ್ಪನ ಬಟ್ಟೆ, ಕಾರ್ಖಾನೆಯ ಗುರುತಿನ ಚೀಟಿ, ಡಬ್ಬಿ, ಎಲ್ಲವನ್ನೂ ಬಿಸಾಡಿದ್ದರಂತೆ. ನಾಣ್ಯ ಭರಣಿಯಲ್ಲಿದ್ದದ್ದರಿಂದ ಉಳಿದಿತ್ತು.

"ಅವರದು ಅಂತ ನನ್ನತ್ರ ಇರೋದು ಅದೊಂದೇ ಕಣೇ."

"ಮನೆಯಲ್ಲೇ ಇದೆ ಆಂಟಿ, ಪೂಜೆ ತಟ್ಟೆಯಲ್ಲಿ ಉಳಿದಿರುತ್ತೆ. ತಂದುಕೊಡ್ತೀನಿ," ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಆ ಕ್ಷಣಕ್ಕೆ ನನಗೂ ಅದು ನಿಜವೆನ್ನಿಸಿತು.

ಮನೆಗೆ ಬಂದು ಮಗಳು ತೆಗೆದ ಫೋಟೋಗಳನ್ನು ಹಿಗ್ಗಿಸಿ ನೋಡಿದೆ. ಮೂರನೆಯ ಫೋಟೋದಲ್ಲಿ, ಗುಡ್ಡೆಯ ಎಡಕ್ಕೆ, ದೀಪ ಎತ್ತಿದ ಹೆಂಗಸು ಸ್ಪಷ್ಟವಾಗಿ ನಿಂತಿದ್ದಳು. ಇನ್ನೊಂದರಲ್ಲಿ ಮಗುಚಿ ಬಿದ್ದು ಅಧ್ಯಕ್ಷರ ಮುಖ ಕಾಣುತ್ತಿತ್ತು. ಇಪ್ಪತ್ತೆರಡು ಚೀಲಗಳಲ್ಲಿ ಯಾವುದೋ ಒಂದರೊಳಗೆ ಸೇರಿ ಅದು ಈ ದ್ವೀಪದ ಯಾವುದೋ ಮನೆಗೆ ಹೋಗಿತ್ತು. ಎಂಟು ಗ್ರಾಂ ಚಿನ್ನ ಎಂದುಕೊಂಡರೂ ಬೆಲೆ ಎಷ್ಟಾಗುತ್ತದೆ ಎಂದು ಎರಡೆರಡು ಸಲ ಲೆಕ್ಕ ಹಾಕಿದೆ.

"ಗ್ರೂಪಲ್ಲಿ ಒಂದು ಮೆಸೇಜ್ ಹಾಕು. ಹೀಗಾಗಿದೆ, ಯಾರ ಹತ್ರ ಇದೆ ನೋಡಿ ಅಂತ. ಎರಡು ನಿಮಿಷದ ಕೆಲಸ," ಎಂದರು ಗಂಡ.

"ತಾಂಬೂಲ ಕೊಟ್ಟು ವಾಪಸ್ ಕೊಡಿ ಅನ್ನೋದಾ? ಏನ್ ಮಾತಾಡ್ತೀರಾ?"

ಅದು ಸುಳ್ಳಲ್ಲ. ಅರಿಶಿನ ಕುಂಕುಮ ಹಚ್ಚಿ ಎಲೆಯ ಮೇಲಿಟ್ಟು ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ರೂಢಿ ನಮ್ಮಲ್ಲಿಲ್ಲ. ಕೊಟ್ಟವಳ ಮನೆಯಿಂದಲೂ ತೆಗೆದುಕೊಂಡವಳ ಮನೆಯಿಂದಲೂ ಲಕ್ಷ್ಮಿಯನ್ನು ಎಬ್ಬಿಸಿದ ಹಾಗೆ ಎನ್ನುತ್ತಾರೆ. ಆದರೆ ನಾನು ಮೆಸೇಜ್ ಹಾಕದಿರಲು ಅದು ನಿಜವಾದ ಕಾರಣವಲ್ಲ. ಕೇಳಿದರೆ ಯಾರ ನಾಣ್ಯ ಎಂದು ಹೇಳಬೇಕಾಗುತ್ತದೆ. ಯಾರನ್ನು ಪೂಜೆಗೆ ಕರೆದಿರಲಿಲ್ಲವೋ ಅವರದೇ ನಾಣ್ಯದಲ್ಲಿ ಪೂಜೆ ಮಾಡಿದೆ, ಅವರನ್ನು ಕೇಳದೆ ನಿಮಗೆ ಹಂಚಿದೆ ಎನ್ನಬೇಕಾಗುತ್ತದೆ. ಎರಡು ಸಲ ಟೈಪ್ ಮಾಡಿ ಎರಡು ಸಲ ಅಳಿಸಿದೆ. ಸಿಟ್ಟು ಬಂತು, ಅದೂ ಆಂಟಿಯ ಮೇಲೆ. ಅಷ್ಟು ಬೆಲೆ ಬಾಳುವುದನ್ನು ಹೇಳದೆ ಕೇಳದೆ ಭರಣಿಯಲ್ಲಿ ಹಾಕಿ ಕೊಡುತ್ತಾರೆಯೇ ಎಂದು ಸಂಜೆಯವರೆಗೂ ಗೊಣಗಿದೆ.

ಮುಂದಿನ ಶನಿವಾರ, ನಾಣ್ಯ, ಅಂಚೆಚೀಟಿ ಮಾರುವ ಒಂದು ಅಂಗಡಿಗೆ ಹೋದೆ. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಟೈಲರ್ ಅಂಗಡಿಯ ಪಕ್ಕದ ಕಿರಿದಾದ ಜಾಗ ಅದು. ಎಪ್ಪತ್ತು ದಾಟಿದ ಚೀನೀ ಅಂಕಲ್ ನನ್ನ ಫೋನನ್ನು ಕಣ್ಣ ಹತ್ತಿರ ಹಿಡಿದು ಫೋಟೋ ನೋಡಿದರು. ಇಂಥ ಚಿನ್ನದ ನಾಣ್ಯಕ್ಕೆ ಎಷ್ಟಾಗಬಹುದು ಎಂದು ಕೇಳಿದೆ.

ಅಂಕಲ್ ನಗಲಿಲ್ಲ. ಬಹುಶಃ ಈ ಪ್ರಶ್ನೆಯನ್ನು ಹಲವರು ಹಲವು ಸಲ ಕೇಳಿರಬೇಕು. "ಗೋಲ್ಡ್ ಅಲ್ಲ ಲಾ. ಗೋಲ್ಡ್ ಕಲರ್ ಓನ್ಲಿ," ಎಂಬರ್ಥದಲ್ಲಿ ಏನೋ ಹೇಳಿ, ಗಾಜಿನ ಪೆಟ್ಟಿಗೆಯೊಳಗಿಂದ ಒಂದು ತಟ್ಟೆ ಎಳೆದರು. ತಟ್ಟೆಯ ತುಂಬ ಅವೇ ನಾಣ್ಯಗಳು. ಬೇರೆ ಬೇರೆ ಅಧ್ಯಕ್ಷರು, ಹಿಂಬದಿಯಲ್ಲಿ ಅದೇ ಹೆಂಗಸು. ಒಳಗೆಲ್ಲ ತಾಮ್ರ, ಮೇಲೆ ಹಿತ್ತಾಳೆಯಂಥದ್ದರ ಒಂದು ಹೊದಿಕೆ ಎಂದು ವಿವರಿಸಿದರು. ಅಧ್ಯಕ್ಷರ ನೆನಪಿಗೆಂದು ರಾಶಿ ರಾಶಿ ಹೊಡೆದದ್ದಂತೆ. ಅಮೆರಿಕದಲ್ಲಿ ಅಂಗಡಿಗೆ ಕೊಟ್ಟರೆ ಒಂದು ಡಾಲರಿನ ಸಾಮಾನು ಬರುತ್ತದೆ, ಇಲ್ಲಿ ಅದೂ ಇಲ್ಲ. ತಮ್ಮ ಅಂಗಡಿಯಲ್ಲಿ ಒಂದಕ್ಕೆ ಐದು ಡಾಲರ್, ಪ್ಲಾಸ್ಟಿಕ್ ಕವಚ ಸೇರಿ.

ಆಗ ನನಗೆ ಆದ ಸಮಾಧಾನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಸ್ಟೋರ್ಸ್‌ನಲ್ಲಿ ನಿಂತು ದುಡಿದದ್ದಕ್ಕೆ ಕೊಟ್ಟ ಉಡುಗೊರೆ ಐದು ಡಾಲರಿನದು ಎಂದು ತಿಳಿದು ನನಗೆ ಸಂಕಟವಾಗಬೇಕಿತ್ತು. ನನಗೆ ಆದದ್ದು ಖುಷಿ. ತಟ್ಟೆಯಲ್ಲಿ ಹುಡುಕಿ, ಫೋಟೋದಲ್ಲಿದ್ದ ಅದೇ ಮುಖದ್ದನ್ನು ಆರಿಸಿ, ಫೋನಿನಲ್ಲೇ ಐದು ಡಾಲರ್ ಕಟ್ಟಿ ಹೊರಬಂದೆ.

ಮನೆಗೆ ಬಂದು ಕವಚ ಒಡೆದೆ. ನಾಣ್ಯ ಹೊಚ್ಚ ಹೊಸದಾಗಿ ಫಳಫಳ ಅನ್ನುತ್ತಿತ್ತು. ಅಡಿಗೆಮನೆಯ ಕಟ್ಟೆಯ ಮೇಲೆ ಒಂದಷ್ಟು ಹೊತ್ತು ಉಜ್ಜಿ, ಅರಿಶಿನದ ನೀರಲ್ಲಿ ಅದ್ದಿ, ಅಕ್ಷರಗಳ ಸಂದಿಯಲ್ಲಿ ಕುಂಕುಮ ತುಂಬಿ, ಬಟ್ಟೆಯಲ್ಲಿ ಅರೆಬರೆ ಒರೆಸಿದೆ. ಪೂಜೆಯಲ್ಲಿ ಇದ್ದು ಬಂದ ಹಾಗೇ ಕಾಣಿಸಿತು. ಮಗಳು ನೀರು ಕುಡಿಯಲು ಬಂದವಳು ನಿಂತು ನೋಡಿದಳು. ಏನು ಮಾಡುತ್ತಿದ್ದೀಯ ಎಂದು ಅವಳು ಕೇಳಲಿಲ್ಲ, ಅದೇ ನನಗೆ ಇರಿಸುಮುರಿಸಾಯಿತು.

ಮರುದಿನ ಕೊಂಡೊಯ್ದು ಕೊಟ್ಟಾಗ ಆಂಟಿ ಅದನ್ನು ಅಂಗೈಯಲ್ಲಿ ತೆಗೆದುಕೊಂಡರು. ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟು ನಾಣ್ಯವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು.

"ಪೂಜೆ ತಟ್ಟೆಯಲ್ಲಿತ್ತಾ?"

"ಹೂಂ ಆಂಟಿ, ಹೂವಿನ ಕೆಳಗೆ ಸಿಕ್ಕಿಕೊಂಡಿತ್ತು."

"ಸರಿ. ಕೂತ್ಕೋ, ಕಾಫಿ ಮಾಡ್ತೀನಿ."

ಕಾಫಿ ಕುಡಿದು ಬಂದೆ. ವಿಷಯ ಮುಗಿಯಿತು ಎಂದುಕೊಂಡೆ.

ಎರಡು ವಾರ ಕಳೆದ ಮೇಲೆ ಗುಂಪಿನ ಅತಿ ಚಿಕ್ಕ ಹುಡುಗಿ ಫೋನ್ ಮಾಡಿದಳು. ಹುಬ್ಬಳ್ಳಿಯವಳು, ಹಿಂದಿನ ಚಳಿಗಾಲದಲ್ಲಿ ಮದುವೆಯಾಗಿ ಬಂದವಳು, ನಮ್ಮ ನಡುವೆ ಇದ್ದಾಗ ಬೆಂಗಳೂರಿನವರ ಹಾಗೆ ಮಾತಾಡಲು ಪ್ರಯತ್ನಿಸುತ್ತಿದ್ದವಳು. ಹಬ್ಬದ ಮರುದಿನವೇ ಊರಿಗೆ ಹೋಗಿದ್ದಳಂತೆ, ತಾಂಬೂಲದ ಚೀಲವನ್ನು ಬಿಚ್ಚಿದ್ದು ಬಂದ ಮೇಲೆ.

"ಅಕ್ಕಾ, ನಿಮ್ಮ ಬ್ಯಾಗಲ್ಲಿ ಒಂದು ಬೇರೆ ದೇಶದ ಕಾಯಿನ್ ಬಂದಿದೆ. ಅಂಚಲ್ಲಿ ಒಂದು ಕಡೆ ಯಾರೋ ತಿಕ್ಕಿದಾರೆ ನೋಡ್ರಿ, ಅಲ್ಲಿ ಕೆಂಪಗಿದೆ. ಮಿಸ್ ಆಗಿ ಬಂತೇನೋ ಅಂತ ಕೇಳಿದೆ."

ಅಂಚಿನಲ್ಲಿ ಕೆಂಪಗೆ. ಆಂಟಿಯ ಹೆಬ್ಬೆರಳು ಎರಡು ಸುತ್ತು ತಿರುಗಿದ್ದು ಏಕೆಂದು ನನಗೆ ಆಗ ಗೊತ್ತಾಯಿತು. ನಾನು ಆಫೀಸಿನ ಲಂಚ್ ರೂಮಿನ ಗೋಡೆಗೆ ಒರಗಿ ನಿಂತು, ಅವಳಿಗೆ ಎಲ್ಲವನ್ನೂ ಹೇಳಿದೆ. ಮೂರು ವಾರದಿಂದ ಗುಂಪಿನಲ್ಲಿ ಯಾರಿಗೂ ಹೇಳಲಾಗದೆ ಇದ್ದದ್ದನ್ನು ಅರೆಪರಿಚಯದ ಹುಡುಗಿಗೆ ಹೇಳುವುದು ಸುಲಭವಾಯಿತು.

"ನನಗೆ ಕೊಟ್ಟುಬಿಡಮ್ಮಾ, ನಾನೇ ತಲುಪಿಸ್ತೀನಿ," ಎಂದೆ.

"ತಾಂಬೂಲದಲ್ಲಿ ಬಂದಿದ್ದಲ್ವಾ ಅಕ್ಕಾ, ಹಂಗೇ ಹೆಂಗ ಕೊಡ್ಲಿ? ನಾನೇ ಬಂದು ಅವರಿಗೆ ತಾಂಬೂಲದಲ್ಲೇ ಕೊಡ್ತೀನಿ. ಆವಾಗ ಏನೂ ದೋಷ ಇಲ್ಲ."

"ಅವರಿಗೆ ಯಜಮಾನರು..."

"ಹೇಳಿದ್ರಲ್ಲಕ್ಕಾ. ನಮ್ಮನೇಲಿ ನಮ್ಮಜ್ಜಿಗೇ ಮೊದಲು ಕೊಡೋದು. ಅಜ್ಜ ಹೋಗಿ ಇಪ್ಪತ್ತು ವರ್ಷ ಆಯ್ತು."

ಎಷ್ಟು ಸರಳವಾಗಿ ಹೇಳಿದಳು. ಆ ಇಪ್ಪತ್ತೆರಡು ಜನರಲ್ಲಿ ಇವಳೂ ಒಬ್ಬಳು. ಇವಳು ಮುಖ ಸಿಂಡರಿಸಿಯಾಳು ಎಂದು ನಾನು ಹೆದರಿದ್ದೆ.

ಆ ಭಾನುವಾರ ಇಬ್ಬರೂ ಆಂಟಿಯ ಮನೆಗೆ ಹೋದೆವು. ಹುಡುಗಿ ಚೂಡಿದಾರ್ ಹಾಕಿಕೊಂಡು ಬಂದಿದ್ದಳು, ಕೈಯಲ್ಲಿ ಒಂದು ಸ್ಟೀಲ್ ತಟ್ಟೆ. ಬ್ಲಾಕಿನ ನೆಲಮಹಡಿಯ ತೆರೆದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಎಲೆ, ಅಡಿಕೆ, ಬಾಳೆಹಣ್ಣು, ಬ್ಲೌಸ್ ಪೀಸು ಜೋಡಿಸಿದಳು. ಎಲೆಯ ಮೇಲೆ ಆ ನಾಣ್ಯ. ನಾನು ಅದನ್ನು ಮೊದಲ ಬಾರಿ ಸರಿಯಾಗಿ ನೋಡಿದ್ದು ಆಗಲೇ. ಸವೆದು ಮಂಕಾಗಿತ್ತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಅರ ಹಾಕಿ ಉಜ್ಜಿದ ಗುರುತು, ಅದರೊಳಗಿಂದ ತಾಮ್ರ ಇಣುಕುತ್ತಿತ್ತು.

ಆಂಟಿ ಬಾಗಿಲು ತೆಗೆದು ನಮ್ಮಿಬ್ಬರನ್ನೂ ತಟ್ಟೆಯನ್ನೂ ನೋಡಿದರು. ಹುಡುಗಿ ಪರಿಚಯ ಹೇಳಿಕೊಂಡು, ಒಳಗೆ ಬಂದು, ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಅರಿಶಿನ ಕುಂಕುಮದ ಬಟ್ಟಲನ್ನು ಮುಂದೆ ಹಿಡಿದಳು. ಆಂಟಿಯ ಕೈ ಅರ್ಧಕ್ಕೆ ಬಂದು ನಿಂತಿತು. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ತಗೋರಿ ಅಜ್ಜಿ," ಎಂದಳು ಹುಡುಗಿ.

ಆಂಟಿ ಅರಿಶಿನವನ್ನು ಕೆನ್ನೆಗೆ ಮುಟ್ಟಿಸಿಕೊಂಡರು. ಕುಂಕುಮವನ್ನು ಹಣೆಗೆ ಇಟ್ಟುಕೊಳ್ಳದೆ ದೇವರ ಮಂಟಪದ ಕಡೆಗೆ ತೋರಿಸಿ, ಬೆರಳಲ್ಲೇ ಉಳಿಸಿಕೊಂಡರು. ಆಮೇಲೆ ಸೆರಗು ಒಡ್ಡಿದರು. ಹುಡುಗಿ ತಾಂಬೂಲವನ್ನು ಸೆರಗಿಗೆ ಹಾಕಿ ಕಾಲಿಗೆ ನಮಸ್ಕಾರ ಮಾಡಿದಳು. ಆಂಟಿಯ ಹೆಬ್ಬೆರಳು ನಾಣ್ಯದ ಅಂಚನ್ನು ಹುಡುಕಿ, ಆ ಕೆಂಪು ಜಾಗದ ಮೇಲೆ ಹೋಗಿ ನಿಂತಿತು.

ಹುಡುಗಿಗೆ ಮತ್ತೊಂದು ಕಡೆ ಹೋಗಬೇಕಿತ್ತು, ಬೇಗ ಹೊರಟಳು. ನಾನು ಉಳಿದೆ. ತಪ್ಪಾಯಿತು ಆಂಟಿ ಎಂದು ಶುರುಮಾಡಿದ್ದನ್ನು ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಇದನ್ನ ತಂದ ದಿನ ಅವರ ಮುಖ ನೋಡಬೇಕಿತ್ತು ಕಣೇ," ಎಂದರು. "ಚಿನ್ನದ್ದು ಅಂದ್ರು. ಇಪ್ಪತ್ತೈದು ವರ್ಷಕ್ಕೆ ಚಿನ್ನ ಕೊಟ್ರು ನೋಡು ಅಂದ್ರು. ಊರಿಗೆಲ್ಲ ಫೋನ್ ಮಾಡಿ ಹೇಳಿದ್ರು. ಒಂದು ವಾರ ಆದ್ಮೇಲೆ ಲಿಟಲ್ ಇಂಡಿಯಾಕ್ಕೆ ಹೋಗಿ ಯಾರೋ ಅಕ್ಕಸಾಲಿ ಹತ್ರ ತೋರಿಸ್ಕೊಂಡು ಬಂದಿದ್ದಾರೆ, ನಂಗೆ ಹೇಳ್ದೆ. ಬಂದವರು ಡಬ್ಬಿಯಲ್ಲಿ ವಾಪಸ್ ಇಟ್ಟು ಊಟ ಬೇಡ ಅಂತ ಮಲಗಿದ್ರು. ಮಾರನೇ ದಿನ ನಾನು ದೇವರ ಗೂಡು ಒರೆಸುವಾಗ ತೆಗೆದು ನೋಡ್ದೆ. ಅಂಚಲ್ಲಿ ಅರ ಹಾಕಿದ್ರು, ಒಳಗೆ ಕೆಂಪಗಿತ್ತು. ದಿನಾ ಪಂಚಪಾತ್ರೆ ಉಜ್ಜೋಳಿಗೆ ತಾಮ್ರ ಗೊತ್ತಾಗಲ್ವಾ?"

"ನೀವು ಕೇಳಲಿಲ್ವಾ?"

"ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಆ ವರ್ಷ ಹಬ್ಬಕ್ಕೆ ಕೊನೇ ಹೆಸರಿಗೆ ಇದನ್ನೇ ಹಾಕ್ದೆ. ಅವರು ಬಾಗಿಲ ಹತ್ರ ನಿಂತು ನೋಡ್ತಿದ್ರು. ಚಿನ್ನದ್ದು ಕೊನೆಗಿರಲಿ ಅಂದೆ. ಅಷ್ಟೇ. ಆಮೇಲೆ ಪ್ರತಿ ವರ್ಷ ಹಂಗೇ."

ಬಾಲ್ಕನಿಯಿಂದ ಎಲ್‌ಆರ್‌ಟಿ ರೈಲು ಹಾದುಹೋದ ಸದ್ದು ಬಂತು. ಆಂಟಿ ಎದ್ದು ಒಳಗೆ ಹೋಗಿ ನಾನು ತಂದುಕೊಟ್ಟಿದ್ದ ನಾಣ್ಯವನ್ನು ತಂದು ನನ್ನ ಮುಂದೆ ಮೇಜಿನ ಮೇಲಿಟ್ಟರು. ಸಂದಿಗಳಲ್ಲಿ ನಾನು ತುಂಬಿದ್ದ ಕುಂಕುಮ ಹಾಗೇ ಇತ್ತು.

"ಅವತ್ತೇ ಗೊತ್ತಾಗಿತ್ತಾ ಆಂಟಿ?"

"ಗೊತ್ತಾಗದೇ ಏನು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟು ಕಷ್ಟಪಟ್ಟು ಅರಿಶಿನ ಎಲ್ಲಾ ಹಚ್ಚಿಕೊಂಡು ಬಂದಿದ್ಯಲ್ಲ," ಎಂದರು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಮುಖ ಉಳಿಸಲು ಅವರು ಎರಡು ವಾರ ನನ್ನ ಸುಳ್ಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ತಮ್ಮವರದು ಎನ್ನುವ ಕೊನೆಯ ವಸ್ತು ಕಳೆದುಹೋಗಿದೆ ಎಂದು ಗೊತ್ತಿದ್ದೂ ನನಗೆ ಕಾಫಿ ಮಾಡಿಕೊಟ್ಟಿದ್ದರು. ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಬರಲಿಲ್ಲ.

ಅಳು ನಿಂತ ಮೇಲೆ ಅವರು ಒಂದೇ ಒಂದು ಮಾತು ಕೇಳಿದರು.

"ನನ್ನ ಕರೀಬೇಡ ಅಂತ ಯಾರಾದ್ರೂ ಅಂದ್ರಾ?"

ನಾನು ಇಪ್ಪತ್ತೆರಡು ಮುಖಗಳನ್ನೂ ಒಂದೊಂದಾಗಿ ನೆನಪು ಮಾಡಿಕೊಂಡೆ. ಯಾರಾದರೂ ಒಬ್ಬರು ಅಂದಿದ್ದರೆ, ಸೂಚನೆಯನ್ನಾದರೂ ಕೊಟ್ಟಿದ್ದರೆ, ಈಗ ಅವರ ಹೆಸರು ಹೇಳಬಹುದಿತ್ತು. ಗಂಡ ಅಂದಿರಲಿಲ್ಲ. ಊರಿನಲ್ಲಿರುವ ಅತ್ತೆಯೂ ಅಂದಿರಲಿಲ್ಲ. ಯಾರನ್ನೂ ನಾನು ಕೇಳಿಯೇ ಇರಲಿಲ್ಲ.

"ಯಾರೂ ಅನ್ನಲಿಲ್ಲ ಆಂಟಿ. ನಾನೇ ಕರೀಲಿಲ್ಲ."

ಆಂಟಿ ತಲೆಯಾಡಿಸಿದರು. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ.